ನಿಮಗಿದು ಗೊತ್ತೇ? ರೋಬೋ ಮರಿಯ ಕಿವಿಯ ಗುಟ್ಟು

ಬೆಕ್ಕಿನ ಒಂದೊಂದು ಕಿವಿಯ ಹಿಂದೆಯೂ ಸುಮಾರು 30 ಸ್ನಾಯುಗಳ ಕೆಲಸವಿದೆ. ಸೋನಿಯ ರೋಬೋ ನಾಯಿ ಐಬೋಗೆ ಕಿವಿಗೊಂದೇ ಚಲನೆ! 1999ರ ಮೊದಲ ಐಬೋಗೆ ಅದೂ ಇರಲಿಲ್ಲ, ಕಿವಿ ಸುಮ್ಮನೆ ಜೋತುಬಿದ್ದಿತ್ತು. 2018ರ ಮಾದರಿಯ 22 ಚಲನೆಗಳಲ್ಲಿ ಬಾಲಕ್ಕೇ ಎರಡು, ಕಿವಿ ಜೋಡಿಗೂ ಎರಡೇ.

1998ರ ಫರ್ಬಿ ಗೊಂಬೆಯ ಕಿವಿ, ಕಣ್ಣು, ಕೊಕ್ಕು ಎಲ್ಲವನ್ನೂ ಆಡಿಸುತ್ತಿದ್ದುದು ಒಂದೇ ಮೋಟಾರು. ಒಳಗೆ ಉಬ್ಬುತಗ್ಗಿನ ಕ್ಯಾಮ್ ಚಕ್ರಗಳು. ಅವು ತಿರುಗಿ ನಿಂತ ಕೋನಕ್ಕೆ ತಕ್ಕ ಮುಖಭಾವ. ಇಂಥ ಜಿಪುಣತನಕ್ಕೆ ಕೈಮುಗಿಯಬೇಕು.

ಕುದುರೆಗಳು ಒಂದರ ಕಿವಿಯನ್ನು ಇನ್ನೊಂದು ಓದುತ್ತವೆ. ಯಾವ ಬಕೆಟ್ಟಿನಲ್ಲಿ ಮೇವಿದೆ ಎಂದು ಚಿತ್ರದ ಕುದುರೆಯ ಮುಖ ನೋಡಿ ಅವು ಊಹಿಸುತ್ತಿದ್ದವು. ಚಿತ್ರದಲ್ಲಿ ಕಿವಿ ಮುಚ್ಚಿದಾಗ ಲೆಕ್ಕ ತಪ್ಪಿತು. ಇದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ 2014ರ ಅಧ್ಯಯನ.

ಮನೆಯಲ್ಲೇ ಕಿವಿ ಮಾಡಿ ನೋಡುವವರ ನೆಚ್ಚಿನ ಸಾಮಾನು 9 ಗ್ರಾಂನ ಪುಟ್ಟ ಸರ್ವೋ ಮೋಟಾರು. ಅದಕ್ಕೆ ಸೆಕೆಂಡಿಗೆ 50 ಪಲ್ಸ್ ಹೋಗುತ್ತವೆ. ಪಲ್ಸ್ 1 ಮಿಲಿಸೆಕೆಂಡ್ ಇದ್ದರೆ ಒಂದು ಕೋನ, 2 ಇದ್ದರೆ ಇನ್ನೊಂದು. ಸುಲಭವೆನಿಸುತ್ತದೆ, ಅಲ್ಲವೇ? ಆದರೆ ಕೋನವನ್ನಷ್ಟೇ ಹೇಳಿ ಬಿಟ್ಟರೆ ಕಿವಿ ಹಳೇ ರೈಲ್ವೆ ಸಿಗ್ನಲ್ಲಿನ ಕೈಯಂತೆ ರಪ್ಪನೆ ಬಿದ್ದು ನಿಲ್ಲುತ್ತದೆ. ಜೀವಕಳೆ ಬರುವುದು ಹೊತ್ತಿನ ಲೆಕ್ಕದಿಂದ: ಚಲನೆ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲಬೇಕು, ಒಂದು ಕಿವಿ ಇನ್ನೊಂದಕ್ಕಿಂತ ಅರೆಗಳಿಗೆ ಹಿಂದೆ ಬೀಳಬೇಕು, ಬುಡ ನಿಂತ ಮೇಲೂ ತುದಿ ಬಳುಕಬೇಕು. ತುದಿಗೆ ಬೇರೆ ಮೋಟಾರು ಯಾಕೆ? ಮೆತ್ತನೆಯ ಸಿಲಿಕೋನೋ ಫೆಲ್ಟ್ ಬಟ್ಟೆಯೋ ತಾನಾಗಿಯೇ ಬಳುಕುತ್ತದೆ. ಕಾರ್ಟೂನ್ ಬಿಡಿಸುವವರಿಗೆ ಇದು ಬಹಳ ಹಳೆಯ ವಿದ್ಯೆ.

ಮೈಕನ್ನು ಕಿವಿಯ ಬುಡದಲ್ಲೇ ಇಟ್ಟರೆ ರೋಬೋ ಮೊದಲು ಕೇಳಿಸಿಕೊಳ್ಳುವುದು ತನ್ನದೇ ಮೋಟಾರಿನ ಗುಂಯ್‌ಗುಡುವಿಕೆ!

ಮಕ್ಕಳ ಕೈ ನೇರ ಹೋಗುವುದು ಕಿವಿಗೇ. ಜಗ್ಗಿದರೆ ಸರ್ವೋದ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರುತ್ತವೆ. ಕಿವಿಯನ್ನು ಆಯಸ್ಕಾಂತದಿಂದ ಕೂರಿಸಿದರೆ ಅದು ಕಳಚಿ ಕೈಗೆ ಬರುತ್ತದೆ, ಗೇರು ಉಳಿಯುತ್ತದೆ.

2005ರಲ್ಲಿ ಫ್ರಾನ್ಸಿನಿಂದ ಬಂದ ಇಂಟರ್ನೆಟ್ ಮೊಲ ನಬಾಜ್‌ಟಾಗ್‌ಗೆ ಕೈಕಾಲಿನ ಆಟವಿಲ್ಲ, ಕಿವಿಯೇ ಬಂಡವಾಳ. ಎರಡು ಮೊಲಗಳಿಗೆ ನಂಟು ಹಾಕಿದರೆ ಇಲ್ಲಿ ನೀವು ಕಿವಿ ತಿರುಗಿಸಿದಂತೆ ದೂರದ ಗೆಳೆಯರ ಮನೆಯ ಮೊಲವೂ ತಿರುಗಿಸುತ್ತಿತ್ತು. ಮಾತಿಲ್ಲ, ಅಕ್ಷರವಿಲ್ಲ. ನನ್ನ ಮೆಚ್ಚುಗೆ ಇದಕ್ಕೇ.

ಅಂದಹಾಗೆ, ಮರೆಗುಳಿತನದ ಹಿರಿಯರಿಗೆ ಜೊತೆಯಾಗುವ, 2009ರಲ್ಲಿ ಅಮೆರಿಕದ ಎಫ್‌ಡಿಎ ವೈದ್ಯಕೀಯ ಸಾಧನವೆಂದು ಒಪ್ಪಿದ ಜಪಾನಿನ ಪಾರೋ ಒಂದು ಹಾರ್ಪ್ ಸೀಲ್ ಮರಿ. ಆ ಜಾತಿಯ ಸೀಲ್‌ಗಳಿಗೆ ಹೊರಗಿವಿಯೇ ಇಲ್ಲ.