ಒಂದೇ ರೊಟ್ಟಿ, ಎರಡು ನಂಬಿಕೆ

ಪ್ರಶ್ನೆ: ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುತ್ತಾರಲ್ಲ, ಭೇದವೇನು? (ಓದುಗರು, ಗೋಕಾಕ)

ಉತ್ತರ: ಕ್ರಿಸ್ತ ಆ ರೊಟ್ಟಿ, ದ್ರಾಕ್ಷಾರಸಗಳಲ್ಲಿ ಹೇಗಿದ್ದಾನೆ ಎಂಬುದರಲ್ಲಿ ಭೇದವಿದೆ. ಗುರುಗಳು ಪವಿತ್ರೀಕರಿಸಿದ ಮೇಲೆ ರೂಪ, ರುಚಿ ಉಳಿದರೂ ರೊಟ್ಟಿಯ ಸತ್ವವೇ ಕ್ರಿಸ್ತನ ಶರೀರವಾಗುತ್ತದೆ ಎಂಬುದು ಕ್ಯಾಥೊಲಿಕ್ ಬೋಧನೆ. 1551ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಇದನ್ನು ಮತ್ತೆ ಸಾರಿತು. ಉಳಿದ ಪರಮಪ್ರಸಾದವನ್ನು (ಪವಿತ್ರೀಕರಿಸಿದ ರೊಟ್ಟಿಯನ್ನು) ಜೋಪಾನವಾಗಿಟ್ಟು ಮೊಣಕಾಲೂರಿ ಆರಾಧಿಸುವುದು ಅದಕ್ಕೇ.

ಪ್ರೊಟೆಸ್ಟಂಟರು ಇದನ್ನು ಒಪ್ಪಲಿಲ್ಲ. ದುಃಖದ ಸಂಗತಿಯೆಂದರೆ ಅವರಲ್ಲೂ ಒಮ್ಮತ ಮೂಡಲಿಲ್ಲ. 1529ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ನಡೆದ ಚರ್ಚೆಯಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್, ಕ್ರಿಸ್ತನ ಶರೀರ ರೊಟ್ಟಿಯೊಂದಿಗೇ ನಿಜವಾಗಿ ಇದೆ ಎಂದರು. ಇನ್ನೊಬ್ಬ ಸುಧಾರಕ ಜ್ವಿಂಗ್ಲಿ ಅದು ಸ್ಮರಣೆ ಎಂದರು.

ಈ ಎರಡೂ ಪಂಥಗಳು ನಮ್ಮ ಭಾಗದಲ್ಲೂ ಇವೆ: ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜಿಲ್ಲಾಕೇಂದ್ರ ಬೆಳಗಾವಿಗೆ 1820ರಲ್ಲೇ ಪ್ರೊಟೆಸ್ಟಂಟರ ಲಂಡನ್ ಮಿಷನ್ ಬಂತು. ಅಲ್ಲಿನ ಕ್ಯಾಥೊಲಿಕ್ ಧರ್ಮಕ್ಷೇತ್ರ 1953ರದು. ಹಾಗಾಗಿ ಕ್ಯಾಥೊಲಿಕ್ ಬಲಿಪೂಜೆಗೆ (ಮಾಸ್) ಅತಿಥಿಯಾಗಿ ಹೋದರೆ ಪ್ರಸಾದದ ಸಾಲಿಗೆ ಸೇರದೆ ಕುಳಿತಿರಿ, ಅವರ ನಂಬಿಕೆಗೆ ಅದೇ ಗೌರವ.