ಮೂರು ಸೆಕೆಂಡ್‌ಗಳ ಜೀವದಾನ: ಎಜೆಕ್ಷನ್ ಆಸನದ ಒಳಗುಟ್ಟು

2023ರ ಜೂನ್ 1ರಂದು ತರಬೇತಿ ಹಾರಾಟದಲ್ಲಿದ್ದ ವಾಯುಪಡೆಯ ಕಿರಣ್ ವಿಮಾನ ಚಾಮರಾಜನಗರದ ಬಳಿ ಪತನಗೊಂಡಿತು. ವಿಮಾನ ನಾಶವಾಯಿತು, ಅದರಲ್ಲಿದ್ದ ಇಬ್ಬರೂ ಪೈಲಟ್‌ಗಳು ಪ್ಯಾರಾಚೂಟ್ ಮೂಲಕ ಇಳಿದು ಬದುಕುಳಿದರು. ಅವರ ಪ್ರಾಣ ಉಳಿಸಿದ್ದು ಅವರು ಕುಳಿತಿದ್ದ ಆಸನ. ಸಿಡಿಮದ್ದು, ಪ್ಯಾರಾಚೂಟ್ ಹಾಗೂ ಪಟ್ಟಿಗಳಿಂದ ಕೂಡಿದ ಈ ಯಂತ್ರಕ್ಕೆ ಎಜೆಕ್ಷನ್ ಸೀಟ್ ಎಂದು ಹೆಸರು.

ಅಗತ್ಯ ಬಿದ್ದದ್ದೇಕೆ?

ವಿಮಾನಗಳು ನಿಧಾನವಾಗಿ ಹಾರುತ್ತಿದ್ದ ಕಾಲದಲ್ಲಿ ಅಪಾಯ ಎದುರಾದರೆ ಪೈಲಟ್ ಪಕ್ಕಕ್ಕೆ ಜಿಗಿಯುತ್ತಿದ್ದ. ವೇಗ ಹೆಚ್ಚಿದಂತೆ ಗಾಳಿಯ ಒತ್ತಡವನ್ನು ಮೀರಿ ಎದ್ದು ನಿಲ್ಲುವುದೇ ಅಸಾಧ್ಯವಾಯಿತು. ಜಿಗಿದರೂ ವಿಮಾನದ ಬಾಲಕ್ಕೆ ಬಡಿಯುವ ಭೀತಿಯಿತ್ತು. 1942ರ ಜನವರಿಯಲ್ಲಿ ಜರ್ಮನಿಯ ಹೆಲ್ಮುಟ್ ಶೆಂಕ್, ತುರ್ತು ಸ್ಥಿತಿಯಲ್ಲಿ ಇಂಥ ಆಸನದ ನೆರವಿನಿಂದ ಪಾರಾದ ಮೊದಲ ಪೈಲಟ್ ಎನಿಸಿಕೊಂಡರು. ಬ್ರಿಟನ್ನಿನ ಮಾರ್ಟಿನ್-ಬೇಕರ್ ಸಂಸ್ಥೆಯ ಆಸನವನ್ನು 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಹಾರುತ್ತಿದ್ದ ವಿಮಾನದಿಂದ ಹೊರಚಿಮ್ಮಿ ಪರೀಕ್ಷಿಸಿದರು. ನಮ್ಮ ತೇಜಸ್ ವಿಮಾನದಲ್ಲಿರುವುದೂ ಇದೇ ಸಂಸ್ಥೆಯ ಆಸನ.

ಹಿಡಿಕೆ ಎಳೆದ ಮೇಲೆ

ಬಹುತೇಕ ಆಸನಗಳಲ್ಲಿ ಪೈಲಟ್‌ನ ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಗಳ ಹಿಡಿಕೆಯಿರುತ್ತದೆ. ಅದನ್ನು ಎಳೆಯುವುದಷ್ಟೇ ಪೈಲಟ್‌ನ ಕೆಲಸ; ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ.

ಮೊದಲು ಭುಜದ ಪಟ್ಟಿಗಳು ಬಿಗಿದುಕೊಂಡು ಬೆನ್ನನ್ನು ಆಸನಕ್ಕೆ ಒತ್ತಿ ನೇರವಾಗಿಸುತ್ತವೆ. ಬೆನ್ನು ಬಾಗಿದ್ದರೆ ಮೂಳೆ ಮುರಿಯುವ ಅಪಾಯ ಹೆಚ್ಚು. ಜತೆಗೇ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ದಾರಿ ಬಿಡಿಸಬೇಕು. ಕೆಲವು ವಿಮಾನಗಳಲ್ಲಿ ಅದು ಇಡಿಯಾಗಿ ಹಾರಿಹೋಗುತ್ತದೆ. ಇನ್ನು ಕೆಲವದರಲ್ಲಿ ಮುಚ್ಚಳದ ಮೇಲೆ ಅಂಟಿಸಿದ ತೆಳುವಾದ ಸಿಡಿಮದ್ದಿನ ಎಳೆ ಸ್ಫೋಟಿಸಿ ಅದನ್ನು ಚೂರುಮಾಡುತ್ತದೆ.

ಬಳಿಕ ಆಸನದ ಬೆನ್ನಿಗಿರುವ, ಒಂದರೊಳಗೊಂದು ಸೇರಿದ ಕೊಳವೆಗಳಲ್ಲಿ ಮದ್ದು ಉರಿಯುತ್ತದೆ. ಅದರ ಅನಿಲದ ಒತ್ತಡಕ್ಕೆ ಆಸನ ಹಳಿಗಳ ಮೇಲೆ ಜಾರುತ್ತ ಮೇಲೇರುತ್ತದೆ. ಈ ಹಂತದಲ್ಲಿ ದೇಹದ ಮೇಲೆ ಗುರುತ್ವದ 12ರಿಂದ 18 ಪಟ್ಟು ಬಲ ಬೀಳಬಹುದು. 15 ಪಟ್ಟು ಎಂದರೆ, 70 ಕಿಲೋ ತೂಕದ ವ್ಯಕ್ತಿ ಕ್ಷಣಕಾಲ ಒಂದು ಟನ್ನಿಗೂ ಹೆಚ್ಚು ಭಾರವಾದಂತೆ. ಆಸನ ಏರುತ್ತಿದ್ದಂತೆ ಕಾಲುಗಳಿಗೆ ಕಟ್ಟಿದ ಪಟ್ಟಿಗಳು ಅವನ್ನು ಹಿಂದಕ್ಕೆಳೆದು ಹಿಡಿಯುತ್ತವೆ. ಇಲ್ಲವಾದರೆ ಕಾಲುಗಳು ಕಾಕ್‌ಪಿಟ್‌ನ ಅಂಚಿಗೆ ಬಡಿಯಬಹುದು, ಗಾಳಿಯ ರಭಸಕ್ಕೆ ತೊನೆದಾಡಬಹುದು.

ಆಸನ ಹೊರಬರುವಷ್ಟರಲ್ಲಿ ಅದರ ತಳದ ರಾಕೆಟ್ ಹೊತ್ತಿಕೊಂಡು ಇನ್ನಷ್ಟು ಎತ್ತರಕ್ಕೊಯ್ಯುತ್ತದೆ. ರಾಕೆಟ್ ಇರುವುದರಿಂದಲೇ, ರನ್‌ವೇ ಮೇಲೆ ನಿಂತಿರುವ ವಿಮಾನದಿಂದಲೂ ಪಾರಾಗಲು ಸಾಧ್ಯ. ಇದನ್ನು 'ಶೂನ್ಯ-ಶೂನ್ಯ' ಸಾಮರ್ಥ್ಯ ಎನ್ನುತ್ತಾರೆ: ಎತ್ತರ ಶೂನ್ಯ, ವೇಗ ಶೂನ್ಯ.

ಅನಂತರ ಚಿಕ್ಕ ಪ್ಯಾರಾಚೂಟ್ ಬಿಚ್ಚಿಕೊಂಡು ಆಸನ ಉರುಳಾಡದಂತೆ ತಡೆಯುತ್ತದೆ. ದೊಡ್ಡ ಪ್ಯಾರಾಚೂಟ್ ಯಾವಾಗ ಬಿಚ್ಚಬೇಕೆಂಬುದನ್ನು ಎತ್ತರ ಮತ್ತು ವೇಗವನ್ನು ಅಳೆಯುವ ಸಾಧನ ನಿರ್ಧರಿಸುತ್ತದೆ. ಬಹಳ ಎತ್ತರದಲ್ಲಿ ಚಳಿ ಹೆಚ್ಚು, ಪ್ರಾಣವಾಯು ಕಡಿಮೆ. ಹಾಗಾಗಿ ಸುರಕ್ಷಿತ ಎತ್ತರಕ್ಕೆ ಇಳಿಯುವವರೆಗೂ ಆಸನ ಕಾಯುತ್ತದೆ. ಕೆಳಮಟ್ಟದಲ್ಲಾದರೆ ಸುಮಾರು ಮೂರು ಸೆಕೆಂಡ್‌ಗಳಲ್ಲಿ ಪ್ಯಾರಾಚೂಟ್ ಅರಳಿ, ಆಸನ ಕಳಚಿ ಬೀಳುತ್ತದೆ. ರೇಡಿಯೊ ಮೊದಲಾದ ಸಾಮಗ್ರಿಗಳ ಚೀಲ ಪೈಲಟ್ ಜತೆಗೇ ಉಳಿಯುತ್ತದೆ.

ಒಂದು ಬೋಲ್ಟ್‌ನ ಬೆಲೆ

ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಫಲ ಭೀಕರ. 2011ರ ನವೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ ರೆಡ್ ಆರೋಸ್ ತಂಡದ ಹಾಕ್ ವಿಮಾನ ನೆಲದ ಮೇಲೆ ನಿಂತಿದ್ದಾಗಲೇ ಆಸನ ಅಕಸ್ಮಾತ್ತಾಗಿ ಚಿಮ್ಮಿತು. ಚಿಕ್ಕ ಪ್ಯಾರಾಚೂಟ್‌ನ ಕೊಂಡಿಯಲ್ಲಿದ್ದ ಬೋಲ್ಟ್ ಅತಿಯಾಗಿ ಬಿಗಿಯಾಗಿದ್ದರಿಂದ ಕೊಂಡಿ ಬಿಚ್ಚಲಿಲ್ಲ. ದೊಡ್ಡ ಪ್ಯಾರಾಚೂಟ್ ತೆರೆಯಲಿಲ್ಲ. ಪೈಲಟ್ ಅಸುನೀಗಿದರು. ವಿಮಾನ ನೆಲದಲ್ಲಿರುವಾಗ ಆಸನಕ್ಕೆ ಸುರಕ್ಷತಾ ಪಿನ್ ಹಾಕಿಡುವುದು ಇಂಥ ಆಕಸ್ಮಿಕವನ್ನು ತಡೆಯಲೆಂದೇ.

ಆಸನ ಸರಿಯಾಗಿ ಚಿಮ್ಮಿದರೂ ಬದುಕುವ ಖಾತ್ರಿಯಿಲ್ಲ. 2019ರ ಫೆಬ್ರವರಿ 1ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್-2000 ವಿಮಾನ ಅಪಘಾತಕ್ಕೀಡಾದಾಗ ಇಬ್ಬರೂ ಪೈಲಟ್‌ಗಳು ಹೊರಚಿಮ್ಮಿದ್ದರು, ಇಬ್ಬರೂ ಉಳಿಯಲಿಲ್ಲ. ವಿಮಾನ ಪಕ್ಕಕ್ಕೆ ವಾಲಿದ್ದರೆ ಆಸನವೂ ಅತ್ತಲೇ ಹಾರುತ್ತದೆ; ರಭಸದಿಂದ ಕೆಳಗಿಳಿಯುತ್ತಿದ್ದರೆ ರಾಕೆಟ್ ನೀಡುವ ಎತ್ತರವೂ ಸಾಲದಾಗುತ್ತದೆ. ಬದುಕುಳಿದವರಿಗೂ ಬೆನ್ನುಮೂಳೆಯ ಗಾಯ ಅಪರೂಪವಲ್ಲ.

ಹೀಗಾಗಿ ಹಿಡಿಕೆ ಎಳೆಯುವ ನಿರ್ಧಾರ ಅರ್ಧ ಸೆಕೆಂಡ್ ತಡವಾದರೂ ಫಲ ಬದಲಾಗಬಹುದು. ವಿಮಾನವನ್ನು ಜನವಸತಿಯಿಂದ ದೂರ ಒಯ್ಯಬೇಕೆಂಬ ಕಾಳಜಿ ಒಂದೆಡೆ, ಕರಗುತ್ತಿರುವ ಎತ್ತರ ಇನ್ನೊಂದೆಡೆ. ಹಿಡಿಕೆ ಎಳೆದ ನಂತರದ ಹೊಣೆಯನ್ನೆಲ್ಲ ಆಸನ ಹೊರುತ್ತದೆ. ಅದಕ್ಕೂ ಮುಂಚಿನ ಕ್ಷಣ ಮಾತ್ರ ಪೈಲಟ್‌ನದೇ.