ಸಂಸತ್ತು ಹೊರಗಟ್ಟಲು ಹೊರಟ ಮೊದಲ ಸದಸ್ಯ

ಸಂಸದರೊಬ್ಬರನ್ನು ಸದನದಿಂದ ಉಚ್ಚಾಟಿಸುವ ಮಾತು ಬಂದಾಗಲೆಲ್ಲ ದೆಹಲಿಯಲ್ಲಿ ಒಂದು ಹೆಸರು ಕೇಳಿಬರುತ್ತದೆ: ಎಚ್.ಜಿ. ಮುದಗಲ್. 2005ರಲ್ಲಿ ಕೇಳಿತು, 2023ರಲ್ಲೂ ಕೇಳಿತು. ಪೂರ್ತಿ ಹೆಸರು ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಇದು ಯಾವ ಸೀಮೆಯ ಹೆಸರೆಂದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕಾನೂನಿನ ಪುಸ್ತಕಗಳಲ್ಲಿ ಅವರು ಬರೀ ಒಂದು ಪ್ರಕರಣವಾಗಿ ಉಳಿದಿದ್ದಾರೆ. ಅದಕ್ಕೂ ಹಿಂದಿನ ಅವರ ಬದುಕು ಎಂಥದ್ದು ಎಂದು ಕೇಳಿದವರು ಕಡಿಮೆ.

ಆ ಬದುಕಿನ ಒಂದು ದೊಡ್ಡ ಭಾಗ ಕಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಕಪ್ಪು ಜನರ ಸ್ವಾಭಿಮಾನದ ಚಳವಳಿ ಕಟ್ಟಿದ ಜಮೈಕಾದ ಮಾರ್ಕಸ್ ಗಾರ್ವಿ 1918ರಲ್ಲಿ ಅಲ್ಲಿ ‘ನೀಗ್ರೋ ವರ್ಲ್ಡ್’ ಎಂಬ ವಾರಪತ್ರಿಕೆ ಆರಂಭಿಸಿದ್ದರು. ಆಫ್ರಿಕಾ ಮತ್ತು ಕೆರಿಬಿಯನ್‌ನ ಹಲವು ವಸಾಹತು ಸರ್ಕಾರಗಳು ಅದಕ್ಕೆ ಹೆದರಿ ನಿಷೇಧ ಹೇರಿದ್ದವು. ಟ್ರಿನಿಡಾಡ್ ಮಾರ್ಗವಾಗಿ ಅಮೆರಿಕ ಸೇರಿದ ಮುದಗಲ್ ಈ ಪತ್ರಿಕೆಗೆ ವಿದೇಶಗಳ ವಿದ್ಯಮಾನ ಕುರಿತು ಬರೆಯತೊಡಗಿದರು. 1927ರಲ್ಲಿ ಅಮೆರಿಕ ಸರ್ಕಾರ ಗಾರ್ವಿಯವರನ್ನು ಗಡೀಪಾರು ಮಾಡಿತು. ಚಳವಳಿ ಕುಸಿಯುತ್ತಿದ್ದ ಆ ಕಾಲದಲ್ಲಿ, 1930ರ ದಶಕದ ಆರಂಭಕ್ಕೆ, ಮುದಗಲ್ ಪತ್ರಿಕೆಯ ಸಂಪಾದಕರಾದರು. ಗಾರ್ವಿ ಕುರಿತು 1932ರಲ್ಲಿ ಪುಸ್ತಿಕೆಯನ್ನೂ ಬರೆದರು. ಭಾರತದಿಂದ ಹೋದ ಒಬ್ಬ ವ್ಯಕ್ತಿ ಅಮೆರಿಕದ ಕಪ್ಪು ಜನರ ದನಿಯಾಗಿದ್ದ ಪತ್ರಿಕೆಯನ್ನು ನಡೆಸಿದ್ದು ಸಣ್ಣ ಮಾತಲ್ಲ. ನಮ್ಮ ಪತ್ರಿಕೋದ್ಯಮದ ಇತಿಹಾಸದಲ್ಲಿ ಇದಕ್ಕೊಂದು ಅಧ್ಯಾಯವೇ ಇರಬೇಕಿತ್ತು.

ಭಾರತಕ್ಕೆ ಮರಳಿದ ಮುದಗಲ್ ಕಾಂಗ್ರೆಸ್ಸಿಗರಾಗಿ, ಬೊಂಬಾಯಿ ರಾಜ್ಯದಿಂದ ಹಂಗಾಮಿ ಸಂಸತ್ತಿಗೆ ಬಂದರು. ಸಂವಿಧಾನ ಜಾರಿಯಾಗಿತ್ತು, ಮೊದಲ ಸಾರ್ವತ್ರಿಕ ಚುನಾವಣೆ ಇನ್ನೂ ನಡೆದಿರಲಿಲ್ಲ. ಬೊಂಬಾಯಿಯ ಚಿನಿವಾರ ಪೇಟೆಯ ವರ್ತಕರಿಗೆ ಆಗ ದೊಡ್ಡ ಚಿಂತೆ ಇತ್ತು. ವಾಯಿದಾ ವ್ಯಾಪಾರಕ್ಕೆ ಕಡಿವಾಣ ಹಾಕುವ ಮಸೂದೆ ಬರುತ್ತಿತ್ತು. ಆಪ್ಷನ್ ವಹಿವಾಟು, ಮುದ್ರಾಂಕ ಶುಲ್ಕದ ವಿಚಾರಗಳೂ ಇದ್ದವು. ಮುದಗಲ್ ಈ ವರ್ತಕರ ಸಂಘದಿಂದ, ಅಂದರೆ ಬಾಂಬೆ ಬುಲಿಯನ್ ಅಸೋಸಿಯೇಷನ್‌ನಿಂದ, ಹಣ ಪಡೆದು ಅವರ ಪರವಾಗಿ ಸದನದಲ್ಲಿ ಪ್ರಶ್ನೆ ಕೇಳಿದರು, ಮಸೂದೆಗೆ ತಿದ್ದುಪಡಿ ಸೂಚಿಸಿದರು, ಮಂತ್ರಿಗಳ ಭೇಟಿಗೆ ಓಡಾಡಿದರು ಎಂಬುದು ಆರೋಪ.

1951ರ ಜೂನ್ 8ರಂದು ತನಿಖಾ ಸಮಿತಿಗಾಗಿ ನಿರ್ಣಯ ಮಂಡಿಸಿದವರು ಸ್ವತಃ ಪ್ರಧಾನಿ ಜವಾಹರಲಾಲ್ ನೆಹರೂ. ಸಿಕ್ಕಿಬಿದ್ದವರು ಅವರದೇ ಪಕ್ಷದವರು. ಚುನಾವಣೆ ಹೊಸ್ತಿಲಲ್ಲಿತ್ತು. ಮುಚ್ಚಿಹಾಕಲು ಬೇಕಾದಷ್ಟು ಕಾರಣಗಳಿದ್ದರೂ ಅವರು ಹಾಗೆ ಮಾಡಲಿಲ್ಲ. ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯ ಸಮಿತಿಯಲ್ಲಿ ಕೆ.ಟಿ. ಶಾ, ಸೈಯದ್ ನೌಷೇರ್ ಅಲಿ, ಮುಂದೆ ದುರ್ಗಾಬಾಯಿ ದೇಶಮುಖ್ ಎಂದು ಹೆಸರಾದ ಜಿ. ದುರ್ಗಾಬಾಯಿ ಮತ್ತು ಕಾಶೀನಾಥರಾವ್ ವೈದ್ಯ ಇದ್ದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಸಮಿತಿ ನಡೆದುಕೊಂಡ ರೀತಿ. ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳಲು ಬಿಟ್ಟರು. ಸಾಕ್ಷಿಗಳ ಪಾಟೀಸವಾಲಿಗೆ, ತನ್ನ ಕಡೆಯ ಸಾಕ್ಷಿಗಳನ್ನು ಕರೆಸಲಿಕ್ಕೆ ಅವಕಾಶ ಕೊಟ್ಟರು. ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ವಿಚಾರಣೆಗೆ ನೆರವಾದರು. ಸದಸ್ಯನ ನಡತೆ ಸದನದ ಘನತೆಗೆ ಕುಂದು ತಂದಿದೆ ಎಂದು ಸಮಿತಿ ತೀರ್ಮಾನಿಸಿದ್ದು ಇಷ್ಟೆಲ್ಲ ಆದ ಮೇಲೆ.

ಸೆಪ್ಟೆಂಬರ್ 24ರಂದು ಉಚ್ಚಾಟನೆಯ ನಿರ್ಣಯ ಸದನದ ಮುಂದೆ ಬಂತು. ಅಂದೂ ಮುದಗಲ್ ಅವರಿಗೆ ಮಾತಾಡಲು ಬಿಟ್ಟರು. ಮಾತು ಮುಗಿಸಿದವರೇ ಅವರು ಉಪಸಭಾಧ್ಯಕ್ಷರ ಕೈಗೆ ರಾಜೀನಾಮೆ ಪತ್ರ ಕೊಟ್ಟರು. ಹಾಗಾಗಿ ‘ಉಚ್ಚಾಟಿತರಾದ ಮೊದಲ ಸಂಸದ’ ಎಂದು ಎಲ್ಲೆಡೆ ಬರೆಯುವುದು ಪೂರ್ತಿ ಸರಿಯಲ್ಲ. ಸದನ ತನ್ನ ನಿರ್ಣಯವನ್ನೇ ತಿದ್ದಿಕೊಂಡಿತು. ಮುದಗಲ್ ಉಚ್ಚಾಟನೆಗೆ ಅರ್ಹರಾಗಿದ್ದರು, ರಾಜೀನಾಮೆ ಪತ್ರದ ಧಾಟಿ ಸದನಕ್ಕೆ ಮಾಡಿದ ಅವಮಾನ, ಅದು ತಪ್ಪನ್ನು ಇನ್ನಷ್ಟು ಹೆಚ್ಚಿಸಿದೆ ಎಂದು ದಾಖಲಿಸಿತು. ಮುಂದಿನ ತಿಂಗಳು, ಅಕ್ಟೋಬರ್ 25ರಂದು, ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯ ಮತದಾನ ಹಿಮಾಚಲದಲ್ಲಿ ಆರಂಭವಾಯಿತು.

ಉಚ್ಚಾಟಿಸುವ ಅಧಿಕಾರ ಸಂವಿಧಾನದಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ. ಸಂಸತ್ತು ಕಾನೂನು ಮಾಡುವವರೆಗೆ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೆ ಇರುವ ವಿಶೇಷಾಧಿಕಾರಗಳೇ ನಮ್ಮ ಸದನಗಳಿಗೂ ಇರುತ್ತವೆ ಎಂದು 105ನೇ ವಿಧಿ ಹೇಳಿತ್ತು. ಆ ಎಳೆ ಹಿಡಿದು 1951ರಲ್ಲಿ ಹಾಕಿದ ದಾರಿ ಮುಂದೆ ರಾಜಕೀಯದ ಕಾಲಿಗೆ ಸಿಕ್ಕಿತು. ತುರ್ತು ಪರಿಸ್ಥಿತಿಯಲ್ಲಿ, 1976ರ ನವೆಂಬರ್‌ನಲ್ಲಿ, ರಾಜ್ಯಸಭೆ ಸುಬ್ರಮಣಿಯನ್ ಸ್ವಾಮಿಯವರನ್ನು ಉಚ್ಚಾಟಿಸಿತು. 1978ರ ಡಿಸೆಂಬರ್ 19ರಂದು ಜನತಾ ಪಕ್ಷದ ಬಹುಮತವಿದ್ದ ಲೋಕಸಭೆ ಇಂದಿರಾ ಗಾಂಧಿಯವರನ್ನು ಹೊರಹಾಕಿ ಜೈಲಿಗೂ ಕಳಿಸಿತು. ಚಿಕ್ಕಮಗಳೂರಿನ ಮತದಾರರು ಅವರನ್ನು ಆರಿಸಿ ಕಳಿಸಿ ಆಗಿನ್ನೂ ಎರಡು ತಿಂಗಳೂ ಕಳೆದಿರಲಿಲ್ಲ. 1981ರಲ್ಲಿ ಲೋಕಸಭೆಯೇ ಆ ನಿರ್ಣಯವನ್ನು ರದ್ದು ಮಾಡಿತು.

2005ರ ಡಿಸೆಂಬರ್ 12ರಂದು, ಪ್ರಶ್ನೆ ಕೇಳಲು ಸಂಸದರು ಹಣ ಪಡೆಯುವ ಕುಟುಕು ಕಾರ್ಯಾಚರಣೆಯ ದೃಶ್ಯಗಳು ಟಿವಿಯಲ್ಲಿ ಬಂದವು. 23ರಂದು ಲೋಕಸಭೆಯ ಹತ್ತು, ರಾಜ್ಯಸಭೆಯ ಒಬ್ಬ ಸದಸ್ಯರು ಸ್ಥಾನ ಕಳೆದುಕೊಂಡರು. ತಪ್ಪು ಕಣ್ಣಿಗೆ ಕಾಣುವಂತಿತ್ತು, ಒಪ್ಪೋಣ. ಆದರೆ ಮುದಗಲ್ ಅವರ ವಿಚಾರಣೆಗೆ ಮೂರೂವರೆ ತಿಂಗಳು ಕೊಟ್ಟ ಸಂಸತ್ತು ಇಲ್ಲಿ ಹನ್ನೊಂದು ದಿನದಲ್ಲಿ ಎಲ್ಲ ಮುಗಿಸಿತು. 2023ರ ಡಿಸೆಂಬರ್ 8ರಂದು ಲೋಕಸಭಾ ಸದಸ್ಯೆ ಮಹುವಾ ಮೊಯಿತ್ರಾ ಕುರಿತ ನೈತಿಕ ಸಮಿತಿಯ ವರದಿ ಸದನಕ್ಕೆ ಬಂದ ದಿನವೇ ಉಚ್ಚಾಟನೆಯೂ ಆಯಿತು. ಸದನದಲ್ಲಿ ಅವರಿಗೆ ಮಾತಾಡಲು ಅವಕಾಶ ಸಿಗಲಿಲ್ಲ. ಅದಕ್ಕೆ ಕೊಟ್ಟ ಆಧಾರ 2005ರ ಪೂರ್ವನಿದರ್ಶನ. ಆರು ತಿಂಗಳಲ್ಲಿ ಕೃಷ್ಣನಗರದ ಮತದಾರರು ಅವರನ್ನು ಮತ್ತೆ ಆರಿಸಿ ಕಳಿಸಿದರು.

2005ರ ಉಚ್ಚಾಟನೆಯನ್ನು ರಾಜಾರಾಮ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಜನವರಿಯಲ್ಲಿ ಎತ್ತಿಹಿಡಿಯಿತು. ಐವರ ಪೀಠದಲ್ಲಿ ಭಿನ್ನ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಒಬ್ಬರೇ. ಸದಸ್ಯತ್ವ ಹೋಗುವ ಸಂದರ್ಭಗಳನ್ನು ಸಂವಿಧಾನವೇ ಹೇಳಿರುವಾಗ ಉಚ್ಚಾಟನೆಯ ಅಧಿಕಾರ ಸದನಕ್ಕಿಲ್ಲ ಎಂಬುದು ಅವರ ನಿಲುವು. ಅಧಿಕಾರವೇ ಬೇಡ ಎನ್ನುವಷ್ಟು ದೂರ ನಾನು ಹೋಗಲಾರೆ. ಹಣಕ್ಕೆ ಪ್ರಶ್ನೆ ಮಾರಿದವರು ಸದನದಲ್ಲಿ ಕೂರಬಾರದು. ಆದರೆ ವಕೀಲರು, ಪಾಟೀಸವಾಲು, ಸದನದಲ್ಲಿ ಕೊನೆಯ ಮಾತು, ಇವು ಮುದಗಲ್ ಅವರಿಗೆ ದಕ್ಕಿದ್ದು ಆಗಿನ ಸದನದ ಸೌಜನ್ಯದಿಂದಲೇ ಹೊರತು ಯಾವ ಕಾನೂನಿನ ಬಲದಿಂದಲೂ ಅಲ್ಲ. 105ನೇ ವಿಧಿ ಮಾಡಬಹುದು ಎಂದ ಆ ಕಾನೂನನ್ನು ಸಂಸತ್ತು ಇವತ್ತಿಗೂ ಮಾಡಿಲ್ಲ.